ಸಂಜೆ ಐದರ ವರದಿ: ದಾವೋಸಿನ ಹಿಮದಲ್ಲಿ ಐದು ದಿನ

ಮೊದಲ ದಿನ, ಬುಧವಾರ

ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್‌ಗೆ ರೈಲಿನಲ್ಲಿ ಒಂದು ಗಂಟೆ. ಅಲ್ಲಿ ಇಳಿದು ಕೆಂಪು ಬಣ್ಣದ ರೇಷಿಯನ್ ರೈಲು ಹತ್ತಬೇಕು. ಕಣಿವೆಯಲ್ಲಿ ಸುತ್ತುತ್ತಾ ಏರುತ್ತಾ ಅದು ಇನ್ನೊಂದು ಗಂಟೆ ಚಿಲ್ಲರೆಗೆ ದಾವೋಸ್ ಮುಟ್ಟಿಸುತ್ತದೆ. ಊರಲ್ಲಿ ಪೇಪರ್ ಓದುವವರಿಗೆ ದಾವೋಸ್ ಅಂದರೆ ಜನವರಿಯ ಆರ್ಥಿಕ ಸಮ್ಮೇಳನ, ಕೋಟು ಹಾಕಿಕೊಂಡ ಮಂತ್ರಿಗಳ ಫೋಟೊ. ನಾವು ಹೋದದ್ದು ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಊರು ಮತ್ತೆ ಸ್ಕೀ ಮಾಡುವವರ ಕೈಗೆ ಬಂದಿತ್ತು.

ಹೋದವರು ನಾನು, ಭಾವ ಇಬ್ಬರೇ. ಅಕ್ಕ ಮಕ್ಕಳ ಜೊತೆ ವಿಂಟರ್‌ಥೂರಿನಲ್ಲೇ ಉಳಿದಳು. ಭಾವ ಈ ದೇಶಕ್ಕೆ ಬಂದು ಹದಿನೈದು ವರ್ಷ ಆಯಿತು, ಸ್ಕೀ ಚೆನ್ನಾಗಿ ಬರುತ್ತದೆ. ನನಗೆ ಆರನೇ ಚಳಿಗಾಲ. ಇಬ್ಬರಿಗೂ ಪಿಸ್ಟ್‌ನ ಆಚೆ ಇಳಿಯುವ ಆಸೆ ಹತ್ತಿ ಎರಡು ವರ್ಷ ಆಗಿದೆ. ಪಿಸ್ಟ್ ಅಂದರೆ ಯಂತ್ರ ಓಡಿಸಿ ಸಜ್ಜು ಮಾಡಿದ, ಕಂಬ ನೆಟ್ಟು ಗುರುತಿಸಿದ ಹಾದಿ. ಹಿಮಕುಸಿತದ ಭಯ ಇದ್ದರೆ ಅದನ್ನು ಮುಚ್ಚುವ ಹೊಣೆ ಅಲ್ಲಿನವರದ್ದು. ಕಂಬ ದಾಟಿದ ಮೇಲೆ ಹೊಣೆ ಪೂರ್ತಿ ನಮ್ಮದು. ಯಾರೂ ತಡೆಯುವುದಿಲ್ಲ, ಬೇಲಿ ಇರುವುದಿಲ್ಲ.

ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಹಿಮ ಬೀಳುವುದಕ್ಕೂ ‘ಹಿಮಪಾತ’, ಬೆಟ್ಟದಿಂದ ಹಿಮ ಜಾರಿ ಬರುವುದಕ್ಕೂ ‘ಹಿಮಪಾತ’ ಅಂತಲೇ ಬರೆಯುತ್ತಾರೆ. ಒಂದು ಮಕ್ಕಳು ಆಡುವಂಥದ್ದು, ಇನ್ನೊಂದು ಜೀವ ತೆಗೆಯುವಂಥದ್ದು. ನಾನು ಇಲ್ಲಿ ಎರಡನೆಯದಕ್ಕೆ ಹಿಮಕುಸಿತ ಅಂತಲೇ ಬರೆಯುತ್ತೇನೆ.

ದಾರಿಯಲ್ಲಿ ಕ್ಲೋಸ್ಟರ್ಸ್ ಬಂತು. 1988ರ ಮಾರ್ಚ್ 10ರಂದು ಅಂದಿನ ಬ್ರಿಟನ್ ಯುವರಾಜ ಚಾರ್ಲ್ಸ್ ಅವರ ಗುಂಪು ಹಿಮಕುಸಿತಕ್ಕೆ ಸಿಕ್ಕಿದ್ದು ಈ ಊರಿನ ಮೇಲಿನ ಬೆಟ್ಟದಲ್ಲೇ. ಪಿಸ್ಟ್‌ನ ಆಚೆ ಇಳಿಯುತ್ತಿದ್ದರು. ಯುವರಾಜ ಉಳಿದರು, ಜೊತೆಗಿದ್ದ ಗೆಳೆಯ ಮೇಜರ್ ಹ್ಯೂ ಲಿಂಡ್ಸೆ ಸತ್ತರು. ಭಾವ ಕಿಟಕಿಯಿಂದ ಆ ಬೆಟ್ಟವನ್ನೇ ನೋಡುತ್ತಾ ಕೂತರು.

ಈ ಪ್ರವಾಸಕ್ಕೆ ಒಂದು ಕಾರಣ ಇತ್ತು. ಕಳೆದ ಚಳಿಗಾಲದಲ್ಲಿ ನಾನು, ನನ್ನ ಇಬ್ಬರು ಗೆಳತಿಯರು ಬೇರೊಂದು ಕಣಿವೆಯಲ್ಲಿ ಪಿಸ್ಟ್ ಬಿಟ್ಟು ಇಳಿದೆವು. ಬೆಳಿಗ್ಗೆ ಫೋನಿನಲ್ಲಿ ಅಪಾಯದ ಮಟ್ಟ ನೋಡಿದ್ದೆ. ‘2’ ಅಂತ ಇತ್ತು, ಹಳದಿ ಬಣ್ಣ. ಐದರಲ್ಲಿ ಎರಡು ತಾನೇ ಅಂದುಕೊಂಡೆ. ಮೂರನೆಯವಳು ಇಳಿಯುವಾಗ ಅವಳ ಕಾಲ ಕೆಳಗೆ ಹಿಮ ಒಡೆಯಿತು. ಅಂಗಳದಷ್ಟು ಅಗಲದ ಚಪ್ಪಡಿ ಅವಳನ್ನು ಹೊತ್ತುಕೊಂಡೇ ಜಾರಿತು. ಸೊಂಟದವರೆಗೆ ಹೂತು ನಿಂತಳು. ಕಾಲು ಮುರಿಯಿತು, ಜೀವ ಉಳಿಯಿತು. ಆ ರಾತ್ರಿ ಆಸ್ಪತ್ರೆಯಲ್ಲಿ ಕೂತು ಅದೇ ದಿನದ ವರದಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಉತ್ತರಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳಲ್ಲಿ, 2,200 ಮೀಟರ್ ಮೇಲೆ, ಹಳೆಯ ಹಿಮದೊಳಗೆ ಸಡಿಲ ಪದರ ಇದೆ, ಒಬ್ಬರ ಭಾರಕ್ಕೂ ಒಡೆಯಬಹುದು ಅಂತ ಅಲ್ಲಿ ಬರೆದಿತ್ತು. ನಾವು ಇಳಿದದ್ದು ಸರಿಯಾಗಿ ಅಂಥದೇ ಜಾಗ. ಬರೆದವರು ಬರೆದಿದ್ದರು, ನಾನು ಓದಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸಂಜೆ ಐದಕ್ಕೆ ಹೋಟೆಲಿನ ರೂಮಿನಲ್ಲಿ ಫೋನ್ ಹಿಡಿದು ಕೂತೆವು. ಚಳಿಗಾಲದಲ್ಲಿ ದಿನಾ ಸಂಜೆ 5ಕ್ಕೆ ಸ್ವಿಜರ್ಲೆಂಡಿನ ಹಿಮಕುಸಿತ ವರದಿ ಬರುತ್ತದೆ. ಬೆಳಿಗ್ಗೆ 8ಕ್ಕೆ ಮತ್ತೊಮ್ಮೆ ತಿದ್ದಿದ ವರದಿ. ಕೊಡುವುದು ಎಸ್‌ಎಲ್‌ಎಫ್ ಎಂಬ ಹಿಮ ಸಂಶೋಧನಾ ಸಂಸ್ಥೆ. ಅದು ಇರುವುದೂ ಇದೇ ದಾವೋಸಿನಲ್ಲಿ. ಜರ್ಮನ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ನಾಲ್ಕರಲ್ಲೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ‘ವೈಟ್ ರಿಸ್ಕ್’ ಎಂಬ ಅವರದೇ ಆ್ಯಪ್‌ನಲ್ಲಿ ಓದಬಹುದು.

‘ಎಷ್ಟು? ನಂಬರ್ ಹೇಳು ಸಾಕು’ ಅಂದರು ಭಾವ, ಬೂಟಿನ ಲೇಸು ಬಿಚ್ಚುತ್ತಾ.

‘ಮೂರು ಮೈನಸ್. ಆದರೆ ತಡೀರಿ ಭಾವ, ಪೂರ್ತಿ ಓದ್ತೀನಿ.’

ಯುರೋಪಿನಲ್ಲಿ 1993ರಿಂದ ಐದು ಮಟ್ಟಗಳ ಒಂದೇ ಅಳತೆ ಇದೆ. 1 ಕಡಿಮೆ, 2 ಸಾಧಾರಣ, 3 ಗಣನೀಯ, 4 ಹೆಚ್ಚು, 5 ಅತಿ ಹೆಚ್ಚು. 2022ರ ಚಳಿಗಾಲದಿಂದ ಸ್ವಿಸ್ ವರದಿಯಲ್ಲಿ ಮೈನಸ್, ಸಮ, ಪ್ಲಸ್ ಅಂತ ಉಪಮಟ್ಟಗಳೂ ಬಂದಿವೆ. ತೊಂದರೆ ಎಲ್ಲಿ ಅಂದರೆ, ಐದರಲ್ಲಿ ಮೂರು ಅಂದ ಕೂಡಲೇ ನಮ್ಮ ತಲೆ ‘ನಡುವಿನದ್ದು, ಪರವಾಗಿಲ್ಲ’ ಅಂತ ಲೆಕ್ಕ ಹಾಕುತ್ತದೆ. ಇದು ಪರೀಕ್ಷೆಯ ಅಂಕ ಅಲ್ಲ. ಒಂದೊಂದು ಮೆಟ್ಟಿಲಿಗೂ ಅಪಾಯ ಹಲವು ಪಟ್ಟು ಏರುತ್ತದೆ. ಈ ದೇಶದಲ್ಲಿ ಹಿಮಕುಸಿತದಲ್ಲಿ ಸಾಯುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸಾಯುವುದು 3 ಇರುವ ದಿನ. ಸುಮಾರು 30% ಜನ 2 ಇರುವ ದಿನ. ನಾಲ್ಕು, ಐದು ಇರುವ ದಿನ ಜನ ಹೆದರಿ ಹೋಗುವುದೇ ಇಲ್ಲ, ಅಲ್ವಾ?

ಮಲೆನಾಡಿನಲ್ಲಿ ಹುಟ್ಟಿದವಳಿಗೆ ಬಣ್ಣದ ಎಚ್ಚರಿಕೆ ಹೊಸದಲ್ಲ. ಸಾಗರದಲ್ಲಿ ಮಳೆಗಾಲ ಪೂರ್ತಿ ಯೆಲ್ಲೋ ಅಲರ್ಟ್, ಆರೆಂಜ್ ಅಲರ್ಟ್ ಅನ್ನುತ್ತಲೇ ಇರುತ್ತಾರೆ. ನಾವು ಕೇಳುವುದು ‘ಶಾಲೆಗೆ ರಜೆನಾ?’ ಅಂತ ಮಾತ್ರ. ಯಾವ ಘಟ್ಟದ ರಸ್ತೆ, ಯಾವ ಗುಡ್ಡ, ಎಷ್ಟು ಹೊತ್ತು ಅಂತ ಯಾರು ಕೇಳುತ್ತಾರೆ? 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗ ನಾನು ಇಲ್ಲಿದ್ದೆ. ವಾರಗಟ್ಟಲೆ ಅದನ್ನೇ ನೋಡಿದೆ. ಗುಡ್ಡದ್ದಾಗಲಿ ಹಿಮದ್ದಾಗಲಿ, ಬಣ್ಣದ ಕೆಳಗಿನ ಸಾಲುಗಳಲ್ಲೇ ವಿಷಯ ಇರುತ್ತದೆ.

ಆ ಸಂಜೆಯ ವರದಿಯಲ್ಲಿ ಸಂಖ್ಯೆಯ ಕೆಳಗೆ ಒಂದು ದಿಕ್ಕಿನ ಚಕ್ರ ಇತ್ತು. ಅದರಲ್ಲಿ ವಾಯವ್ಯದಿಂದ ಉತ್ತರ ದಾಟಿ ಪೂರ್ವದವರೆಗೆ ಕಪ್ಪು ತುಂಬಿತ್ತು. ಪಕ್ಕದಲ್ಲಿ 2,200 ಮೀಟರ್ ಮೇಲೆ ಅಂತ ಬೆಟ್ಟದ ಗುರುತು. ನಮಗೆ ಇದು ಸುಲಭ. ಮನೆ ಕಟ್ಟುವವರ ಬಾಯಲ್ಲಿ ಈಶಾನ್ಯ, ವಾಯವ್ಯ ಕೇಳಿಯೇ ಬೆಳೆದವರು ನಾವು. ಇಲ್ಲಿ ನೋಡಬೇಕಾದದ್ದು ಇಳಿಜಾರಿನ ಮುಖ ಯಾವ ಕಡೆಗಿದೆ ಅಂತ. ಉತ್ತರಕ್ಕೆ ಮುಖ ಇದ್ದರೆ ಚಳಿಗಾಲದಲ್ಲಿ ಬಿಸಿಲು ತಾಗುವುದೇ ಅಪರೂಪ. ಹಿಮ ಬೇಗ ಕೂತುಕೊಳ್ಳುವುದಿಲ್ಲ.

ಆಮೇಲೆ ಬರುವುದು ‘ಸಮಸ್ಯೆ ಯಾವುದು’ ಎಂಬ ಸಾಲು. ಹೊಸ ಹಿಮ, ಗಾಳಿ ಹೊತ್ತು ತಂದ ಹಿಮ, ಹಳೆಯ ಹಿಮದೊಳಗಿನ ಸಡಿಲ ಪದರ, ಒದ್ದೆ ಹಿಮ, ನೆಲದಿಂದಲೇ ಜಾರುವ ಹಿಮ ಅಂತ ಐದು ಬಗೆ. ಅವತ್ತು ಇದ್ದದ್ದು ಎರಡು: ಗಾಳಿಯದ್ದು ಮತ್ತು ಹಳೆಯ ಸಡಿಲ ಪದರದ್ದು. ನನ್ನ ಗೆಳತಿಯನ್ನು ಕೆಡವಿದ್ದು ಈ ಎರಡನೆಯದೇ. ಐದರಲ್ಲಿ ನಾನು ಜಾಸ್ತಿ ಹೆದರುವುದು ಇದಕ್ಕೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಎರಡನೇ ದಿನ, ಗುರುವಾರ

ಬೆಳಿಗ್ಗೆ ಪಾರ್ಸೆನ್ ರೈಲಿನಲ್ಲಿ ವೈಸ್‌ಫ್ಲುಯೋಕ್‌ಗೆ ಹೋದೆವು, 2,662 ಮೀಟರ್. ದಾವೋಸಿನಿಂದ ಸುಮಾರು 1,100 ಮೀಟರ್ ಮೇಲೆ. ಹಿಮದ ಬಗ್ಗೆ ಕುತೂಹಲ ಇರುವವರಿಗೆ ಇದೊಂದು ಕ್ಷೇತ್ರ ಇದ್ದ ಹಾಗೆ. ಇಲ್ಲೇ ಸ್ವಲ್ಪ ಕೆಳಗೆ ಒಂದು ಸಮತಟ್ಟು ಜಾಗದಲ್ಲಿ 1936ರಿಂದ ಚಳಿಗಾಲದಲ್ಲಿ ಪ್ರತಿ ದಿನ ಹಿಮದ ಆಳ ಅಳೆಯುತ್ತಾ ಬಂದಿದ್ದಾರೆ. ಸಂಸ್ಥೆ ಶುರುವಾದದ್ದೂ ಈ ಬೆಟ್ಟದ ಮೇಲೆ, ಒಂದು ಮರದ ಗುಡಿಸಲಿನಲ್ಲಿ. ಊರಿಗೆ ಇಳಿದದ್ದು 1996ರಲ್ಲಿ. ನಾವು ಓದುವ ಆ ನಾಲ್ಕು ಸಾಲಿನ ಹಿಂದೆ ಬೆಟ್ಟಗಳಲ್ಲಿ ನಿಂತ ನೂರೆಂಬತ್ತಕ್ಕೂ ಹೆಚ್ಚು ಸ್ವಯಂಚಾಲಿತ ಕೇಂದ್ರಗಳಿವೆ. ಹಿಮಕ್ಕೆ ಕೋಲು ಚುಚ್ಚಿ, ಗುಂಡಿ ತೋಡಿ ನೋಡುವ ಸುಮಾರು 200 ಜನ ವೀಕ್ಷಕರಿದ್ದಾರೆ. ಅದನ್ನು ನೆನೆದಾಗ, ಪುಕ್ಕಟೆ ಸಿಗುವ ವರದಿಯನ್ನು ಓದದೆ ಬಿಡುವುದು ಎಷ್ಟು ದೊಡ್ಡ ತಪ್ಪು ಅನ್ನಿಸಿತು.

ಮಧ್ಯಾಹ್ನ ನಮ್ಮ ಗೈಡ್ ಸಿಕ್ಕರು. ಐವತ್ತು ದಾಟಿದ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಮಾತು ಕಡಿಮೆ. ಮೊದಲು ನೋಡಿದ್ದು ನಮ್ಮ ಬ್ಯಾಗು. ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಣ್ಣ ಯಂತ್ರ), ಹಿಮ ಚುಚ್ಚುವ ಉದ್ದ ಕೋಲು, ಸಲಿಕೆ, ಮೂರೂ ಇದ್ದವು. ನನ್ನ ಟ್ರಾನ್ಸೀವರ್ ಬಾಡಿಗೆಯದ್ದು. ಅವರು ಚಾಲೂ ಮಾಡಿ ನೋಡಿದರು. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇತ್ತು. ಕೊಟ್ಟ ಅಂಗಡಿಯವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅವರು ತಮ್ಮ ಜೇಬಿನಿಂದ ಹೊಸ ಬ್ಯಾಟರಿ ತೆಗೆದು ಹಾಕಿದರು.

‘ಇದು ನಿಮಗಾಗಿ ಅಲ್ಲ’ ಅಂದರು. ‘ನಿಮ್ಮನ್ನು ಹುಡುಕಬೇಕಾದ ಇವರಿಗಾಗಿ.’ ಭಾವನ ಕಡೆ ಕೈ ತೋರಿಸಿದರು.

ಹಿಮದಲ್ಲಿ ಮುಚ್ಚಿಟ್ಟ ಟ್ರಾನ್ಸೀವರುಗಳನ್ನು ಹುಡುಕುವ ಅಭ್ಯಾಸ ನಡೆಯಿತು. ಎಲ್ಲ ಕಂಪನಿಯ ಯಂತ್ರಗಳೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುತ್ತವೆ, ಆದ್ದರಿಂದ ಯಾರದ್ದು ಯಾರಿಗೂ ಕೇಳುತ್ತದೆ. ಹುಡುಕುವಾಗ ಫೋನನ್ನು ಕನಿಷ್ಠ 50 ಸೆಂಟಿಮೀಟರ್ ದೂರ ಇಡಬೇಕು, ಇಲ್ಲದಿದ್ದರೆ ಸಿಗ್ನಲ್ ಕಲಸಿಹೋಗುತ್ತದೆ. ಮೊದಲ ಸಲ ನನಗೆ ಏಳು ನಿಮಿಷ ಬೇಕಾಯಿತು, ಅದೂ ಅಗೆಯದೆ. ಐದನೇ ಸಲಕ್ಕೆ ಮೂರು ನಿಮಿಷಕ್ಕೆ ಬಂತು. ಹೂತು ಹೋದವರನ್ನು ಮೊದಲ 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಮೂರರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹೆಲಿಕಾಪ್ಟರ್ ಕರೆಯಲು 1414 ಇದೆ, ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ಹತ್ತು ನಿಮಿಷದಲ್ಲಿ ಅಲ್ಲಿರುವುದು ಜೊತೆಗಾರರು ಮಾತ್ರ.

ಸಂಜೆ ಐದಕ್ಕೆ ವರದಿ. 3 ಮೈನಸ್, ಅದೇ ದಿಕ್ಕು, ಅದೇ ಎತ್ತರ.

ಮೂರನೇ ದಿನ, ಶುಕ್ರವಾರ

ಈ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ದಿಶ್ಮಾ ಕಣಿವೆಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಂದ ಸ್ಕೀಯ ಅಡಿಗೆ ಚರ್ಮದಂಥ ಪಟ್ಟಿ ಅಂಟಿಸಿಕೊಂಡು ನಡೆದು ಏರುವುದು. ಹೊರಡುವ ಮೊದಲು ಗೈಡ್ ಸ್ವಿಸ್ ಸರ್ವೆ ಇಲಾಖೆಯ ನಕ್ಷೆ ತೆರೆದರು. ಅದರಲ್ಲಿ ಇಳಿಜಾರಿನ ಕಡಿದುತನಕ್ಕೆ ಬಣ್ಣ ಕೊಟ್ಟಿರುತ್ತಾರೆ. 30 ಡಿಗ್ರಿ ದಾಟಿದರೆ ಹಳದಿ, 35ಕ್ಕೆ ಕಿತ್ತಳೆ, 40ಕ್ಕೆ ಕೆಂಪು. 30 ಡಿಗ್ರಿಗಿಂತ ಕಡಿಮೆ ಇರುವಲ್ಲಿ ಚಪ್ಪಡಿ ಒಡೆದು ಜಾರುವುದು ಬಹಳ ಅಪರೂಪ. ಹಾಗಾಗಿ ಬಿಳಿ ಜಾಗಗಳನ್ನೇ ಪೋಣಿಸಿ ದಾರಿ ಮಾಡಿದರು. ಆದರೆ ಬಿಳಿ ಜಾಗದ ನೆತ್ತಿಯ ಮೇಲೆ ಕೆಂಪು ಇದ್ದರೆ? ಅಲ್ಲಿಂದ ಬಂದದ್ದು ನಮ್ಮ ಮೇಲೆಯೇ ಬೀಳುತ್ತದೆ. ಅದನ್ನೂ ನೋಡಬೇಕು.

‘ವರದಿ ಎಷ್ಟು ಜಾಗಕ್ಕೆ ಅಂತ ಗೊತ್ತಾ?’ ಅಂತ ಕೇಳಿದರು.

ನಮಗೆ ಗೊತ್ತಿರಲಿಲ್ಲ. ಒಂದೊಂದು ಪ್ರದೇಶ ಸುಮಾರು 100 ಚದರ ಕಿಲೋಮೀಟರಿನದ್ದು ಅಥವಾ ಇನ್ನೂ ದೊಡ್ಡದು. ‘ನಿಮ್ಮ ಕಣ್ಣ ಮುಂದಿನ ಈ ಒಂದು ಇಳಿಜಾರಿಗೆ ಯಾರೂ ವರದಿ ಬರೆಯುವುದಿಲ್ಲ. ಅದು ನೀವೇ ಬರೆದುಕೊಳ್ಳಬೇಕಾದದ್ದು’ ಅಂದರು. ವರದಿ ಹೇಳಿದ್ದು ನಿಜವೇ ಅಂತ ದಾರಿಯುದ್ದಕ್ಕೂ ನೋಡುತ್ತಾ ಹೋಗಬೇಕು. ಹೇಳದ್ದೂ ಕಂಡೀತು. ಬೆರ್ನ್ ಕಡೆಯ ಪರ್ವತ ಮಾರ್ಗದರ್ಶಿ ವೆರ್ನರ್ ಮುಂಟರ್ ಕಲಿಸಿದ್ದೂ ಇದೇ. ಮನೆಯಲ್ಲಿ ಒಮ್ಮೆ, ಬೆಟ್ಟದ ಬುಡದಲ್ಲಿ ಒಮ್ಮೆ, ಆ ಒಂದು ಇಳಿಜಾರಿನ ಮುಂದೆ ನಿಂತು ಮತ್ತೊಮ್ಮೆ. ಮೂರು ಸಲವೂ ಹವೆ ಮತ್ತು ಹಿಮ, ನೆಲ, ಜನ ಈ ಮೂರನ್ನು ನೋಡಬೇಕು.

ಒಂದು ಗಂಟೆ ಏರಿದ ಮೇಲೆ ಹಿಮದ ಮೇಲ್ಮೈಯಲ್ಲಿ ಅಲೆ ಅಲೆಯಾಗಿ ಗೆರೆಗಳು ಕಂಡವು, ಮರಳಿನ ಮೇಲೆ ಗಾಳಿ ಬರೆದ ಹಾಗೆ. ಗಾಳಿ ಒಂದು ಕಡೆ ಹಿಮ ಕೆರೆದು ಇನ್ನೊಂದು ಕಡೆ ಒಟ್ಟುತ್ತದೆ. ಒಟ್ಟಿದ್ದು ಗಟ್ಟಿಯಾಗಿ ಚಪ್ಪಡಿ ಆಗುತ್ತದೆ. ಗಾಳಿಯೇ ಹಿಮಕುಸಿತದ ಮೇಸ್ತ್ರಿ ಅಂತ ಈ ಬೆಟ್ಟದವರಲ್ಲಿ ಹಳೆಯ ಮಾತಿದೆಯಂತೆ.

ಸುಮಾರು 2,250 ಮೀಟರ್ ಎತ್ತರದಲ್ಲಿ, ಅಷ್ಟೇನೂ ಕಡಿದಲ್ಲದ ಈಶಾನ್ಯ ಮುಖದ ಒಂದು ಜಾಗದಲ್ಲಿ ಗುಂಡಿ ತೋಡಿದೆವು. ಎದೆಯುದ್ದ ಆಳ. ಗುಂಡಿಯ ಗೋಡೆಯನ್ನು ಸಲಿಕೆಯಿಂದ ನಯ ಮಾಡಿದಾಗ ಪದರಗಳು ಕಂಡವು. ಮೇಲೆ ಮೊಣಕೈ ಉದ್ದದ ಗಟ್ಟಿ ಹಿಮ. ಅದರ ಕೆಳಗೆ ಬೆರಳು ತಾಗಿಸಿದರೆ ಪುಳಪುಳ ಉದುರುವ ಕಾಳು. ಹಿಡಿ ತುಂಬ ತೆಗೆದುಕೊಂಡು ಅದುಮಿದೆ. ಉಂಡೆ ಕಟ್ಟಲಿಲ್ಲ. ತುಪ್ಪ ಸಾಲದ ರವೆ ಉಂಡೆಯ ಹಾಗೆ ಬೆರಳ ಸಂದಿಯಿಂದ ಸೋರಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಾಳಿಗೂ ಮುಖ, ಅಂಚು, ಹೊಳಪು. ಸಕ್ಕರೆಯೇ.

ಇದು ಹೇಗೆ ಹುಟ್ಟುತ್ತದೆ ಅಂತ ಅಲ್ಲೇ ನಿಂತು ಕೇಳಿದೆ. ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗೆ ಬಿದ್ದಿರುತ್ತದೆ. ನೆಲ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ ಇರುತ್ತದೆ, ಮೇಲ್ಮೈ ಮಾತ್ರ ಶುಭ್ರ ರಾತ್ರಿಗಳಲ್ಲಿ ಮೈನಸ್ ಇಪ್ಪತ್ತಕ್ಕೆ ಇಳಿಯುತ್ತದೆ. ಆ ಸ್ವಲ್ಪವೇ ದಪ್ಪದ ಹಿಮದೊಳಗೆ ಕೆಳಗಿನಿಂದ ಮೇಲಕ್ಕೆ ನೀರಾವಿ ಸಾಗುತ್ತದೆ. ಹಾಗೆ ಸಾಗುತ್ತಾ ಕಾಳುಗಳನ್ನು ದೊಡ್ಡದು ಮಾಡುತ್ತದೆ, ಒಂದಕ್ಕೊಂದು ಇದ್ದ ಅಂಟು ಬಿಡಿಸುತ್ತದೆ. ಆಮೇಲೆ ಅದರ ಮೇಲೆ ಹೊಸ ಹಿಮ ಬೀಳುತ್ತದೆ, ಗಾಳಿ ಅದನ್ನು ಗಟ್ಟಿ ಮಾಡುತ್ತದೆ. ಈಗ ಯೋಚಿಸಿ. ಇಳಿಜಾರಿನಲ್ಲಿ ಸಕ್ಕರೆ ಹರಡಿ ಅದರ ಮೇಲೆ ಚಪ್ಪಡಿ ಇಟ್ಟಿದೆ. ಆ ಚಪ್ಪಡಿಯ ಮೇಲೆ ನಾವು.

ಪರೀಕ್ಷೆ ಒಂದನ್ನು ತೋರಿಸಿದರು. 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಒಂದು ದಿಮ್ಮಿ ಕತ್ತರಿಸಿ ಬಿಡಿಸಿಕೊಳ್ಳಬೇಕು. ಒಂದು ತುದಿಯಲ್ಲಿ ಸಲಿಕೆಯ ಅಲಗು ಇಟ್ಟು ಅದರ ಮೇಲೆ ಬಡಿಯಬೇಕು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ನಮ್ಮದು ಹದಿಮೂರನೇ ಏಟಿಗೆ ಒಡೆಯಿತು. ಒಡೆದದ್ದು ಬಡಿದ ಜಾಗದಲ್ಲಿ ಮಾತ್ರ ಅಲ್ಲ. ಬಿರುಕು ಒಂದೇ ಕ್ಷಣಕ್ಕೆ ಈ ತುದಿಯಿಂದ ಆ ತುದಿಗೆ ಓಡಿತು, ಇಡೀ ದಿಮ್ಮಿ ನನ್ನ ಮಡಿಲಿಗೆ ಜಾರಿ ಬಂತು. ಒಂದು ಕಡೆ ಒಡೆದರೆ ಸುತ್ತ ಎಲ್ಲ ಒಡೆಯುತ್ತದೆ ಅಂತ ಅರ್ಥ.

‘ಗುಂಡಿ ತೋಡಿದ ಜಾಗ ಗಟ್ಟಿ ಇದ್ದಿದ್ದರೆ ಹೋಗಬಹುದಿತ್ತಾ?’ ಅಂತ ಭಾವ ಕೇಳಿದರು.

‘ಇಲ್ಲ. ಹತ್ತು ಮೀಟರ್ ಆಚೆ ಬೇರೆ ಇರಬಹುದು. ಗುಂಡಿ ಬೇಡ ಅಂದರೆ ನಂಬುತ್ತೇನೆ. ಹೋಗು ಅಂದರೆ ನಂಬುವುದಿಲ್ಲ.’

ಚೀಲ ಕಟ್ಟಿ ಹೊರಟು ಇಪ್ಪತ್ತು ಹೆಜ್ಜೆ ಇಟ್ಟಿರಬೇಕು. ಆಗ ಕೇಳಿತು ಆ ಸದ್ದು. ಅಟ್ಟದ ಮೇಲೆ ಯಾರೋ ಅಕ್ಕಿ ಮೂಟೆ ಕೆಡವಿದ ಹಾಗೆ, ‘ವುಂಫ್’. ಕಾಲ ಕೆಳಗಿನ ಹಿಮ ಒಂದು ಬೆರಳಷ್ಟು ಕುಸಿದದ್ದು ಹೊಟ್ಟೆಗೆ ಗೊತ್ತಾಯಿತು. ನನ್ನ ಸ್ಕೀಯ ತುದಿಯಿಂದ ಒಂದು ಸಣ್ಣ ಗೆರೆ ಹೊರಟು ಹತ್ತು ಮೀಟರ್ ಓಡಿ ನಿಂತಿತು. ಸಡಿಲ ಪದರ ಒಳಗೇ ಮುರಿದು ಕೂತ ಸದ್ದು ಅದು. ನಾವಿದ್ದದ್ದು ಇಪ್ಪತ್ತು ಡಿಗ್ರಿಯ ಜಾಗ, ಅದಕ್ಕೇ ಏನೂ ಜಾರಲಿಲ್ಲ. ಮೂವತ್ತೈದರ ಮೇಲಾಗಿದ್ದರೆ ಮಾತೇ ಬೇರೆ. ಎಷ್ಟೋ ಸಲ ಕೆಳಗೆ ಸಮತಟ್ಟಿನಲ್ಲಿ ನಡೆಯುವವರ ಭಾರಕ್ಕೆ ಒಡೆದ ಬಿರುಕು ಮೇಲಕ್ಕೆ ಓಡಿ, ಅಲ್ಲಿನ ಇಳಿಜಾರನ್ನು ಬೀಳಿಸುತ್ತದೆಯಂತೆ.

ಯಾರೂ ಮಾತಾಡಲಿಲ್ಲ. ಗೈಡ್ ಕೈ ಎತ್ತಿ ಬಂದ ದಾರಿ ತೋರಿಸಿದರು. ವಾಪಸ್ ಹೊರಟೆವು. ಬಂದ ಹೆಜ್ಜೆಯಲ್ಲೇ, ಒಬ್ಬರಿಂದ ಒಬ್ಬರು ದೂರ ದೂರ.

ಸಂಜೆ ಆ್ಯಪ್‌ನಲ್ಲಿ ನಾನೇ ಒಂದು ವೀಕ್ಷಣೆ ಬರೆದು ಸಂಸ್ಥೆಗೆ ಕಳಿಸಿದೆ. ಯಾರು ಬೇಕಾದರೂ ಕಳಿಸಬಹುದು. ಜಾಗ, ಸಮಯ, ಎತ್ತರ 2,250, ಮುಖ ಈಶಾನ್ಯ, ಸದ್ದು ಕೇಳಿತು, ಬಿರುಕು ಹತ್ತು ಮೀಟರ್. ಅಷ್ಟೇ. ಊರಲ್ಲಿ ಹಳ್ಳ ತುಂಬಿದರೆ ಮೇಲಿನ ಮನೆಯವರು ಕೆಳಗಿನ ಮನೆಗೆ ಕೂಗಿ ಹೇಳುತ್ತಾರಲ್ಲ, ಹಾಗೆ ಅನ್ನಿಸಿತು.

ನಾಲ್ಕನೇ ದಿನ, ಶನಿವಾರ

ರಾತ್ರಿಯಿಡೀ ಹಿಮ, ಜೋರು ಗಾಳಿ. ಬೆಳಿಗ್ಗೆ 8ರ ವರದಿಯಲ್ಲಿ 4, ಕೆಂಪು. ಮೇಲಿನ ಲಿಫ್ಟುಗಳು ಬಂದ್. ಬೆಟ್ಟದ ಕಡೆಯಿಂದ ಧಂ, ಧಂ ಅಂತ ಸ್ಫೋಟದ ಸದ್ದು. ಪಿಸ್ಟ್‌ಗಳ ಮೇಲೆ ತೂಗುತ್ತಿರುವ ಹಿಮವನ್ನು ಬೇಕೆಂದೇ ಬೀಳಿಸುತ್ತಿದ್ದರು.

ಕಣಿವೆಯ ರೈಲಿನಲ್ಲಿ ಫ್ರೌವೆನ್‌ಕಿರ್ಖ್ ಎಂಬ ಪಕ್ಕದ ಹಳ್ಳಿಗೆ ಹೋದೆವು. ಅಲ್ಲಿ ಶತಮಾನಗಳ ಹಳೆಯ ಚರ್ಚ್ ಒಂದಿದೆ. ಬೆಟ್ಟದ ಕಡೆಯ ಅದರ ಗೋಡೆ ದೋಣಿಯ ಮೂತಿಯ ಹಾಗೆ ಚೂಪು. ಹಿಮ ಬಂದರೆ ಸೀಳಿ ಎರಡು ಪಕ್ಕಕ್ಕೆ ಹೋಗಲಿ ಅಂತ. ಹಿಮಕುಸಿತದ ಜೊತೆ ಬದುಕುವ ಈ ತಿಳಿವಳಿಕೆಯನ್ನು 2018ರಲ್ಲಿ ಸ್ವಿಜರ್ಲೆಂಡ್ ಮತ್ತು ಆಸ್ಟ್ರಿಯಾದ ಹೆಸರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸುಮ್ನೆ ಬಂದ ತಿಳಿವಳಿಕೆ ಅಲ್ಲ. 1951ರ ಚಳಿಗಾಲದಲ್ಲಿ ಈ ದೇಶದಲ್ಲಿ 98 ಜನ ಹಿಮಕ್ಕೆ ಸಿಕ್ಕಿ ಸತ್ತರು, ಹೆಚ್ಚಿನವರು ಮನೆಯೊಳಗೆ ಇದ್ದವರು. ಆಮೇಲೆ ಬೆಟ್ಟದ ತುಂಬ ತಡೆಗೋಡೆ, ಉಕ್ಕಿನ ಚೌಕಟ್ಟು ನಿಲ್ಲಿಸಿದರು. ಇವತ್ತು ಸಾಯುವವರಲ್ಲಿ ಬಹುತೇಕ ಜನ ನಮ್ಮ ಹಾಗೆ ಇಷ್ಟಪಟ್ಟು ಬೆಟ್ಟಕ್ಕೆ ಹೋದವರು. ಹತ್ತರಲ್ಲಿ ಒಂಬತ್ತು ಸಲ ಹಿಮವನ್ನು ಒಡೆಯುವುದು ಸಿಕ್ಕಿಬಿದ್ದವರೇ ಅಥವಾ ಅವರ ಗುಂಪಿನವರೇ.

ಆ ಚರ್ಚಿನ ಮುಂದೆ ನಿಂತಾಗ ಭಾವ ಹನುಮಂತಪ್ಪ ಕೊಪ್ಪದ ಅವರ ಮಾತು ತೆಗೆದರು. ಭಾವ ಧಾರವಾಡದ ಕಡೆಯವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮದಡಿ ಸೇರಿದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಆರು ದಿನದ ಮೇಲೆ ಜೀವಂತ ಸಿಕ್ಕಿದರು. ಹಾಸನದ ನಾಗೇಶ, ಎಚ್.ಡಿ. ಕೋಟೆಯ ಮಹೇಶ ಬರಲಿಲ್ಲ. ಫೆಬ್ರವರಿ 11ಕ್ಕೆ ಹನುಮಂತಪ್ಪ ಅವರೂ ಹೋದರು. ‘ಆ ವಾರ ನಮ್ಮ ಕಡೆ ಯಾರಿಗೂ ಊಟ ಸೇರಲಿಲ್ಲ’ ಅಂದರು ಭಾವ. ಅವರೆಲ್ಲ ಕರ್ತವ್ಯಕ್ಕೆ ಹೋದವರು. ಬೇಡ ಅನ್ನುವ ಹಾಗಿರಲಿಲ್ಲ. ನಮಗೆ ಆ ಆಯ್ಕೆ ಇದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಐದನೇ ದಿನ, ಭಾನುವಾರ

ಆಕಾಶ ತೊಳೆದಿಟ್ಟ ಹಾಗೆ ನೀಲಿ. ನಲವತ್ತು ಸೆಂಟಿಮೀಟರ್ ಹೊಸ ಹಿಮ. ವರದಿ 3 ಪ್ಲಸ್‌ಗೆ ಇಳಿದಿತ್ತು. ಇಂಥ ದಿನವೇ ಅಪಾಯದ್ದು ಅಂತ ಗೈಡ್ ಮೊದಲೇ ಹೇಳಿದ್ದರು. ಕೆಂಪು ಹೋಗಿ ಕಿತ್ತಳೆ ಬಂದರೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ, ಬಿಸಿಲು ಬೇರೆ ಕರೆಯುತ್ತದೆ. ಅವತ್ತು ಅವರು ಜೊತೆಗಿರಲಿಲ್ಲ. ನಾವಿಬ್ಬರೇ ಯಾಕೋಬ್ಸ್‌ಹಾರ್ನ್ ಹತ್ತಿದೆವು, 2,590 ಮೀಟರ್. ಅಲ್ಲಿಂದ ಹಿಂದಿನ ಕಡೆಗೆ, ದಿಶ್ಮಾದ ಟೊಯ್ಫಿ ಎಂಬ ಜಾಗಕ್ಕೆ ಇಳಿಯುವ ಹೆಸರಾಂತ ದಾರಿ ಇದೆ. ಭಾವ ಎರಡು ವರ್ಷದಿಂದ ಆಸೆ ಇಟ್ಟುಕೊಂಡದ್ದು ಅದರ ಮೇಲೆ.

ಅಂಚಿನಲ್ಲಿ ನಿಂತು ನೋಡಿದೆವು. ಆಗಲೇ ಐದಾರು ಜನ ಇಳಿದ ಗುರುತು. ಹಿಮ ಹಿಟ್ಟಿನ ಹಾಗೆ ಇತ್ತು.

‘ಇಷ್ಟು ಜನ ಇಳಿದಿದ್ದಾರಲ್ಲ’ ಅಂದರು ಭಾವ.

‘ಅವರು ಚಪ್ಪಡಿಯ ದಪ್ಪ ಜಾಗದಲ್ಲಿ ಹೋಗಿರಬಹುದು ಭಾವ. ನಾವು ತೆಳು ಜಾಗ ಮೆಟ್ಟಿದರೆ? ಆರನೆಯವರಿಗೆ ಒಡೆಯದ್ದು ಏಳನೆಯವರಿಗೆ ಒಡೆಯುತ್ತೆ.’

ಫೋನ್ ತೆಗೆದು ಒಂದೊಂದೇ ನೋಡಿದೆವು. ವರದಿಯಲ್ಲಿ ವಾಯವ್ಯದಿಂದ ಪೂರ್ವ. ಇಲ್ಲಿನ ಮುಖ ಈಶಾನ್ಯ. ವರದಿಯಲ್ಲಿ 2,000 ಮೀಟರ್ ಮೇಲೆ. ನಾವಿದ್ದದ್ದು 2,500ರ ಮೇಲೆ. ಸಮಸ್ಯೆ ಗಾಳಿಯ ಹಿಮ ಮತ್ತು ಹಳೆಯ ಪದರ. ಗಾಳಿಯ ಗೆರೆಗಳು ಕಣ್ಣ ಮುಂದೆಯೇ ಇದ್ದವು. ಹಳೆಯ ಪದರವನ್ನು ಮೊನ್ನೆ ಇದೇ ಕಣಿವೆಯಲ್ಲಿ ಕೈಯಾರೆ ಹಿಡಿದಿದ್ದೆವು. ನಕ್ಷೆಯಲ್ಲಿ ಮೊದಲ ಇಳಿತ ಕಿತ್ತಳೆ, ನಡುವೆ ಕೆಂಪು ತೇಪೆ. ಮುಂಟರ್ ಅವರ ಒಂದು ಸರಳ ಲೆಕ್ಕ ಇದೆ. 2 ಇದ್ದರೆ 40 ಡಿಗ್ರಿಯ ಕೆಳಗೆ ಇರಿ, 3 ಇದ್ದರೆ 35ರ ಕೆಳಗೆ, 4 ಇದ್ದರೆ 30ರ ಕೆಳಗೆ. 3 ಇದ್ದಾಗ ನಾವು ನಿಂತ ಜಾಗ ಮಾತ್ರ ಅಲ್ಲ, ಇಡೀ ಇಳಿಜಾರನ್ನು ಲೆಕ್ಕಕ್ಕೆ ಹಿಡಿಯಬೇಕು. ಯಾವುದರಲ್ಲೂ ನಮಗೆ ಜಾಗ ಉಳಿಯಲಿಲ್ಲ.

ಭಾವ ಬಹಳ ಹೊತ್ತು ನಿಂತರು. ನಾನು ಒತ್ತಾಯ ಮಾಡಲಿಲ್ಲ. ಕೊನೆಗೆ ಕನ್ನಡಕ ಇಳಿಸಿಕೊಂಡು ‘ನಡಿ, ಪಿಸ್ಟ್‌ನಲ್ಲೇ ಇಳಿಯೋಣ’ ಅಂದರು. ನಾವು ಹೊರಡುವಾಗ ಇನ್ನೂ ಮೂವರು ಆ ಅಂಚು ದಾಟಿ ಕೆಳಗೆ ಹೋದರು. ನಗುತ್ತಾ, ಕೂಗುತ್ತಾ.

ಆ ಇಳಿಜಾರು ಅವತ್ತು ಒಡೆಯಲಿಲ್ಲ. ಮಧ್ಯಾಹ್ನ ಲಿಫ್ಟಿನಿಂದ ಮತ್ತೆ ಮೇಲೆ ಹೋದಾಗ ನೋಡಿದೆವು. ಅದರ ತುಂಬ ಹಾವಿನ ಹರಿದಾಟದ ಹಾಗೆ ಗೆರೆಗಳು, ಬಿಸಿಲಿಗೆ ಹೊಳೆಯುತ್ತಿದ್ದವು. ಭಾವನ ಮುಖದಲ್ಲಿ ಆಸೆ ಕಾಣುತ್ತಿತ್ತು, ನನಗೂ ಇತ್ತು. ಇದನ್ನು ಮುಚ್ಚಿಡುವುದಿಲ್ಲ. ಬೆಟ್ಟ ಯಾರಿಗೂ ‘ನೀನು ಮಾಡಿದ್ದು ಸರಿ’ ಅಂತ ಹೇಳಿ ಕಳಿಸುವುದಿಲ್ಲ. ಕಳೆದ ವರ್ಷದವರೆಗೆ ನಾವೂ ಹತ್ತಾರು ಸಲ ಹೀಗೆ ಇಳಿದು, ಏನೂ ಆಗದೆ, ನಮಗೆ ಹಿಮ ಗೊತ್ತು ಅಂದುಕೊಂಡವರೇ.

ಸಂಜೆಯ ರೈಲು. ಅಕ್ಕ ಫೋನ್ ಮಾಡಿ ಸಾರು ಬಿಸಿ ಮಾಡಿಡುತ್ತೇನೆ ಅಂದಳು. ಕ್ಲೋಸ್ಟರ್ಸ್ ಹತ್ತಿರ ಬರುವಾಗ ಐದು ಗಂಟೆ ಆಯಿತು. ನನ್ನ ಫೋನು ಕುಂಯ್ ಅಂತು.

‘ಬಂತಾ ವರದಿ?’ ಅಂದರು ಭಾವ, ಕಣ್ಣು ಮುಚ್ಚಿಕೊಂಡೇ.

‘ಬಂತು. ಮೂರು...’

‘ನಂಬರ್ ಆಮೇಲೆ ಹೇಳು. ಕೆಳಗಿನದ್ದು ಓದು.’

ಓದಿದೆ. ವಾಯವ್ಯದಿಂದ ಪೂರ್ವದವರೆಗೆ, 2,200 ಮೀಟರ್ ಮೇಲೆ.